ಟಾಮ್ ಜಾನ್ಸನ್ನನ ಆತ್ಮಕಥೆ

ರಾಜಕಾರಣಿಯ ಆತ್ಮಕಥೆಯನ್ನು ಕೈಗೆತ್ತಿಕೊಂಡಾಗ ವಾಚಕರ ಮನಸ್ಸಿನಲ್ಲಿ ಸಣ್ಣದೊಂದು ಸಂಶಯ ಮೂಡುವುದು ಸಹಜ. ಬರೆದವನು ತನ್ನ ಪರವಾಗಿ ತಾನೇ ವಕೀಲಿ ಮಾಡುತ್ತಾನೆ. ಎದುರು ಪಕ್ಷದ ಸಾಕ್ಷಿ ಅಲ್ಲಿರುವುದಿಲ್ಲ. ಅಮೆರಿಕದ ಒಹಾಯೋ ಸಂಸ್ಥಾನದ ಕ್ಲೀವ್‌ಲೆಂಡ್ ನಗರಕ್ಕೆ 1901ರಿಂದ 1909ರವರೆಗೆ ಮೇಯರಾಗಿದ್ದ ಟಾಮ್ ಎಲ್. ಜಾನ್ಸನ್ನನ ‘ಮೈ ಸ್ಟೋರಿ’ಯೂ ಇದಕ್ಕೆ ಪೂರ್ತಿ ಹೊರತಲ್ಲ. ಆದರೆ ಇಲ್ಲೊಂದು ವಿಶೇಷವಿದೆ. ತನ್ನ ವಿರುದ್ಧ ಹೇಳಬಹುದಾದ ಬಲವಾದ ಸಾಕ್ಷ್ಯವನ್ನು ಲೇಖಕ ತಾನೇ ತಂದು ಮುಂದಿಟ್ಟಿದ್ದಾನೆ.

ಜಾನ್ಸನ್ 1854ರಲ್ಲಿ ಕೆಂಟಕಿಯಲ್ಲಿ ಹುಟ್ಟಿದವನು. ಅಂತರ್ಯುದ್ಧದಲ್ಲಿ ದಕ್ಷಿಣದ ಪಕ್ಷ ವಹಿಸಿದ್ದ ತಂದೆ, ಯುದ್ಧ ಮುಗಿಯುವಾಗ ಬರಿಗೈಯಾಗಿದ್ದ. ಆಗ ವರ್ಜೀನಿಯದ ಸ್ಟಾಂಟನ್ ಊರಿನಲ್ಲಿದ್ದ ಹನ್ನೊಂದರ ಹುಡುಗ ರೈಲಿನ ಕಂಡಕ್ಟರನ ಸ್ನೇಹ ಸಂಪಾದಿಸಿದ. ಆ ರೈಲಿನಲ್ಲಿ ಇವನ ಪತ್ರಿಕೆಗಳಿಗಲ್ಲದೆ ಬೇರೆಯವರ ಪತ್ರಿಕೆಗಳಿಗೆ ಜಾಗವಿಲ್ಲವೆಂದು ಕಂಡಕ್ಟರ್ ಕಟ್ಟು ಮಾಡಿದ. ಹುಡುಗ ಹೇಳಿದ್ದೇ ಬೆಲೆ. ಐದು ವಾರಗಳಲ್ಲಿ 88 ಬೆಳ್ಳಿ ಡಾಲರು ಕೈಸೇರಿತು. ಕಂಡಕ್ಟರ್ ಬದಲಾದೊಡನೆ ವ್ಯಾಪಾರವೂ ಮುಗಿಯಿತು. ಬೇರೆಯವರಾಗಿದ್ದರೆ ಇದನ್ನು ಬಾಲ್ಯದ ಜಾಣತನವೆಂದು ಹೇಳಿಕೊಂಡು ಹಿಗ್ಗುತ್ತಿದ್ದರು. ಜಾನ್ಸನ್ ಇದರಲ್ಲಿ ಕಂಡದ್ದು ಏಕಸ್ವಾಮ್ಯದ ಮೊದಲ ಪಾಠ. ಮುಂದೆ ಟ್ರಾಮು ಕಂಪನಿಗಳಿಂದ ಆತ ಗಳಿಸಿದ ಐಶ್ವರ್ಯವೂ ಇದೇ ಬಗೆಯದು: ಬೀದಿ ಊರಿನದು, ಪರವಾನಗಿ ಪೌರಸಭೆಯದು, ಲಾಭ ಮಾತ್ರ ಕಂಪನಿಯದು.

ಆತನ ಬದುಕಿನ ತಿರುವೂ ರೈಲಿನಲ್ಲಿಯೇ ಆಯಿತು. ಹೆನ್ರಿ ಜಾರ್ಜನ ‘ಸೋಶಿಯಲ್ ಪ್ರಾಬ್ಲೆಮ್ಸ್’ ಪುಸ್ತಕವನ್ನು ಮಾರುವ ಹುಡುಗ ಮುಂದೆ ಹಿಡಿದಾಗ ಜಾನ್ಸನ್ ಬೇಡವೆಂದ. ಕಂಡಕ್ಟರ್ ಒತ್ತಾಯಿಸಿದ್ದರಿಂದ ಕೊಂಡ. ಆಮೇಲೆ ‘ಪ್ರೋಗ್ರೆಸ್ ಅಂಡ್ ಪಾವರ್ಟಿ’ಯನ್ನೂ ಓದಿ, ಅದರ ತಪ್ಪನ್ನು ತೋರಿಸಿಕೊಡಿರೆಂದು ತನ್ನ ವಕೀಲನಿಗೇ ಒಪ್ಪಿಸಿದ. ವಕೀಲನಿಗೆ ತಪ್ಪು ಸಿಗಲಿಲ್ಲ. ಈ ಪ್ರಸಂಗವನ್ನು ಲೇಖಕ ಬಣ್ಣವಿಲ್ಲದೆ, ನಗುನಗುತ್ತ ಹೇಳುತ್ತಾನೆ.

ಇಲ್ಲಿಂದಲೇ ವಿಮರ್ಶಕನ ಕಷ್ಟ ಮೊದಲಾಗುತ್ತದೆ. ಏಕಸ್ವಾಮ್ಯ ಅನ್ಯಾಯವೆಂದು ತಿಳಿದ ಮೇಲೂ ಜಾನ್ಸನ್ ಅದನ್ನು ಕೂಡಲೇ ಬಿಡಲಿಲ್ಲ. 1891ರಿಂದ 1895ರವರೆಗೆ ಕಾಂಗ್ರೆಸ್ಸಿನ ಸದಸ್ಯನಾಗಿದ್ದಾಗ, ತಾನೇ ಉಕ್ಕಿನ ಹಳಿ ತಯಾರಿಸುತ್ತಿದ್ದರೂ ಹಳಿಗಳ ಮೇಲಿನ ಸುಂಕವನ್ನು ತೆಗೆಯಬೇಕೆಂದು ವಾದಿಸಿದ. ವ್ಯಾಪಾರಿಯಾಗಿ ಕಾನೂನು ಕೊಟ್ಟ ಲಾಭ ಪಡೆಯುವೆ, ಪ್ರತಿನಿಧಿಯಾಗಿ ಅಂಥ ಕಾನೂನಿಗೆ ಕೈಯೆತ್ತಲಾರೆ ಎಂಬುದು ಆತನ ನಿಲುವು. ಇದು ಪ್ರಾಮಾಣಿಕತೆಯೋ, ಅನುಕೂಲದ ತತ್ತ್ವವೋ? ಕೆಟ್ಟದ್ದು ಮನುಷ್ಯರಲ್ಲ, ವಿಶೇಷಾಧಿಕಾರ ಎಂಬ ಗ್ರಂಥದ ಮುಖ್ಯ ವಾದ ಲೇಖಕನಿಗೂ ಒಂದು ಕ್ಷಮಾಪತ್ರವಾಗಬಲ್ಲದೆಂಬುದನ್ನು ಮರೆಯುವಂತಿಲ್ಲ.

ಉತ್ತರ ಸಿಗುವುದು ಮೇಯರಗಿರಿಯ ಅಧ್ಯಾಯಗಳಲ್ಲಿ. ಊರೂರಿಗೆ ಸರ್ಕಸ್ಸಿನವರು ಹಾಕುವಂತೆ ಡೇರೆ ಹಾಕಿಸಿ ಆತ ಸಭೆ ನಡೆಸಿದ. ಯಾರು ಬೇಕಾದರೂ ಎದ್ದು ಪ್ರಶ್ನೆ ಕೇಳಬಹುದಾಗಿತ್ತು. ಉದ್ಯಾನಗಳಲ್ಲಿ ಹುಲ್ಲಿನ ಮೇಲೆ ನಡೆಯಬಾರದೆಂಬ ಫಲಕಗಳನ್ನು ಕೀಳಿಸಿದ. ಒಂದೇ ಬೀದಿಯ ನಿವೇಶನಗಳಿಗೆ ಕಂದಾಯದ ಅಂದಾಜು ಹೇಗೆ ಏರುಪೇರಾಗಿದೆಯೆಂದು ನಕ್ಷೆಯಲ್ಲಿ ತೋರಿಸಿದ. ಎಲ್ಲಕ್ಕಿಂತ ದೊಡ್ಡದು ಟ್ರಾಮಿನ ಹೋರಾಟ. ಐದು ಸೆಂಟಿದ್ದ ದರವನ್ನು ಮೂರಕ್ಕಿಳಿಸಲು ಏಳು ವರ್ಷ ಹಿಡಿಯಿತು. ಕಂಪನಿಗಳು ನ್ಯಾಯಾಲಯದಿಂದ ತಡೆಯಾಜ್ಞೆಗಳ ಮಳೆಯನ್ನೇ ಸುರಿಸಿದವು. ಟ್ರಾಮಿನ ಲೆಕ್ಕವನ್ನು ಒಳಗಿನಿಂದ ಬಲ್ಲವನಾದ್ದರಿಂದಲೇ ಆತನನ್ನು ಮೋಸಗೊಳಿಸುವುದು ಅವರಿಗೆ ಸಾಧ್ಯವಾಗಲಿಲ್ಲ. ಹಳೆಯ ವಿದ್ಯೆಯನ್ನು ಹೀಗೆ ಊರಿಗಾಗಿ ತಿರುಗಿಸಿದ್ದೇ ಆತನ ಪ್ರಾಯಶ್ಚಿತ್ತವೆನ್ನಬೇಕು. ಅಷ್ಟರಲ್ಲಿ ಆಸ್ತಿ ಬಹುಪಾಲು ಕರಗಿತು. ಯೂಕ್ಲಿಡ್ ಅವೆನ್ಯೂವಿನ ಬಂಗಲೆಯನ್ನೂ ಬಿಡಬೇಕಾಯಿತು.

1908ರಲ್ಲಿ ಮೂರು ಸೆಂಟಿನ ದರ ಜಾರಿಗೆ ಬಂತು. ಆದರೆ ಕೆಲಸಗಾರರ ಮುಷ್ಕರ ಎದ್ದಿತು. ಅದೇ ವರ್ಷದ ಅಕ್ಟೋಬರಿನ ಜನಮತದಲ್ಲಿ ಅಲ್ಪ ಅಂತರದಿಂದ ಯೋಜನೆ ಬಿತ್ತು. ಮರುವರ್ಷ ಜಾನ್ಸನ್ನನೂ ಸೋತ. ಗ್ರಂಥ ಸೊರಗುವುದು ಈ ಭಾಗದಲ್ಲಿ. ಅಗ್ಗದ ದರ ಪ್ರಯಾಣಿಕನಿಗೆ ಹಿತ. ಟ್ರಾಮು ನಡೆಸುವವನ ಕೂಲಿಯ ಗತಿಯೇನು? ಕಂಪನಿಯ ಕುತಂತ್ರವನ್ನು ವಿವರಿಸುವ ಲೇಖನಿ ಈ ಪ್ರಶ್ನೆಯ ಮುಂದೆ ಬೇಕಾದಷ್ಟು ಹೊತ್ತು ನಿಲ್ಲುವುದಿಲ್ಲ. ಎದುರಾಳಿಗಳ ಚಿತ್ರವೂ ಏಕಮುಖ. ಮನೆಮಾತಿಗೆ ಅವಕಾಶ ತೀರ ಕಡಿಮೆ.

ಆದರೆ ಇದನ್ನು ಬರೆಸಿದ್ದು ಕೊನೆಯ ಕಾಯಿಲೆಯ ದಿನಗಳಲ್ಲೆಂಬುದನ್ನು ನೆನೆಯಬೇಕು. 1911ರ ಏಪ್ರಿಲಿನಲ್ಲಿ ಆತ ತೀರಿಕೊಂಡ. ಎಲಿಜಬೆತ್ ಹೌಸರ್ ಅವರ ಸಂಪಾದಕತ್ವದಲ್ಲಿ ಗ್ರಂಥ ಅದೇ ವರ್ಷ ಹೊರಬಂತು. ಸೋತವನ ಬರಹವಾದರೂ ಇದರಲ್ಲಿ ಗೊಣಗಾಟವಿಲ್ಲ, ಮತ ಕೊಡದ ಜನರ ಮೇಲೆ ಸಿಟ್ಟಿಲ್ಲ. ಕ್ಲೀವ್‌ಲೆಂಡ್ ನಗರ ತನ್ನ ಟ್ರಾಮುಗಳನ್ನು ತಾನೇ ಕೊಂಡುಕೊಂಡದ್ದು 1942ರಲ್ಲಿ. ನಗರದ ನಡುವಿನ ಚೌಕದಲ್ಲಿರುವ ಜಾನ್ಸನ್ನನ ಪ್ರತಿಮೆಯ ಕೈಯಲ್ಲಿ ಹೆನ್ರಿ ಜಾರ್ಜನ ಪುಸ್ತಕವಿದೆ. ಪೌರಸಭೆಯ ಕೆಲಸವೆಂದರೆ ಚರಂಡಿ ದೀಪಗಳ ಮಾತಷ್ಟೇ ಎಂದುಕೊಂಡವರು ಈ ಆತ್ಮಕಥೆಯನ್ನು ಅವಶ್ಯವಾಗಿ ಓದಬೇಕು.