ವಿಂಡೋಸ್ ಆಟ, ಲಿನಕ್ಸ್ ಗಣಕ: ತೊಡಕು ಇರುವುದೆಲ್ಲಿ?

ವಿಂಡೋಸ್ 10ಕ್ಕೆ ಸಿಗುತ್ತಿದ್ದ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ವಿಂಡೋಸ್ 11 ಕೇಳುವ ಯಂತ್ರಾಂಶ ಹಳೆಯ ಗಣಕಗಳಲ್ಲಿ ಇಲ್ಲ. ಶಿರಸಿ, ಸಿದ್ದಾಪುರ, ಯಲ್ಲಾಪುರದ ಕಡೆಯ ಶಾಲೆಯಲ್ಲೋ ಮನೆಯಲ್ಲೋ ಇಂಥ ಗಣಕ ಇಟ್ಟುಕೊಂಡಿರುವ ನಿಮಗೆ ಅದಕ್ಕೆ ಲಿನಕ್ಸ್ ಹಾಕುವ ಯೋಚನೆ ಬಂದಿರಬಹುದು. ಬೆರಳಚ್ಚು, ಲೆಕ್ಕಪತ್ರ, ಅಂತರಜಾಲ ಇವಕ್ಕೆಲ್ಲ ಅದು ಧಾರಾಳ ಸಾಕು. ಆದರೆ ಹುಡುಗರು ಕೇಳುವ ಮೊದಲ ಪ್ರಶ್ನೆಯೇ ಬೇರೆ: “ಗೇಮ್ ಓಡ್ತದಾ?”

ಇದಕ್ಕೆ ಎರಡು ಸಿದ್ಧ ಉತ್ತರಗಳು ಚಾಲ್ತಿಯಲ್ಲಿವೆ. ಲಿನಕ್ಸಿನಲ್ಲಿ ಆಟ ಆಗದು ಎನ್ನುವವರು ಕೆಲವರು. ‘ವೈನ್’ ಹಾಕಿಕೊಂಡರೆ ಎಲ್ಲವೂ ಓಡುತ್ತದೆ ಎನ್ನುವವರು ಇನ್ನು ಕೆಲವರು. ಮೊದಲನೆಯ ಮಾತಿಗೆ ಕಾಲ ಮೀರಿದೆ. ಎರಡನೆಯದು ಅವಸರದ್ದು. ವಿಜ್ಞಾನ ಓದುವವರು ಎರಡನ್ನೂ ಪರೀಕ್ಷಿಸದೆ ಒಪ್ಪಬಾರದು.

ವೈನ್ ಮಾಡುವ ಕೆಲಸವನ್ನು ಮೊದಲು ನೋಡೋಣ. ವಿಂಡೋಸ್ ಇರಲಿ, ಲಿನಕ್ಸ್ ಇರಲಿ, ಕೆಳಗಿರುವ ಸಂಸ್ಕಾರಕ ಒಂದೇ. ಅದಕ್ಕೆ ತಿಳಿಯುವ ಆಜ್ಞೆಗಳೂ ಅವೇ. ವ್ಯತ್ಯಾಸ ಇರುವುದು ಕ್ರಮವಿಧಿಯು ಕಾರ್ಯಾಚರಣ ವ್ಯವಸ್ಥೆಯ ಮುಂದೆ ಇಡುವ ಕೋರಿಕೆಗಳಲ್ಲಿ. ಕಡತ ತೆರೆ, ಕಿಟಕಿ ಬಿಡಿಸು, ಧ್ವನಿ ಹೊರಡಿಸು ಎಂದು ಆಟವು ವಿಂಡೋಸ್ ರೀತಿಯಲ್ಲಿ ಕೇಳುತ್ತದೆ. ವೈನ್ ಅದನ್ನು ತಾನೇ ಪೂರೈಸುತ್ತದೆ ಅಥವಾ ಲಿನಕ್ಸಿಗೆ ತಿಳಿಯುವ ಕೋರಿಕೆಯಾಗಿ ಮಾರ್ಪಡಿಸಿ ದಾಟಿಸುತ್ತದೆ. ಸಂಸ್ಕಾರಕವನ್ನೇ ಅನುಕರಿಸುವ ಭಾರ ಇಲ್ಲದಿರುವುದರಿಂದ ವೇಗದ ನಷ್ಟ ಕಡಿಮೆ. 1993ರಲ್ಲಿ ಶುರುವಾದ ಈ ಯೋಜನೆ ತನ್ನ 1.0 ಆವೃತ್ತಿಯನ್ನು ಹೊರತರಲು 2008ರ ವರೆಗೆ, ಅಂದರೆ ಹದಿನೈದು ವರ್ಷ ತೆಗೆದುಕೊಂಡಿತು. ಇನ್ನೊಬ್ಬರ ವ್ಯವಸ್ಥೆಯ ವರ್ತನೆಯನ್ನು ಅದರ ಮೂಲ ಸಂಕೇತ ನೋಡದೆ, ಹೊರಗಿನಿಂದಲೇ ಪರೀಕ್ಷಿಸಿ ಮತ್ತೆ ಬರೆಯುವುದು ಎಂಥ ತಾಳ್ಮೆಯ ಕೆಲಸ ಎಂಬುದನ್ನು ಈ ಅವಧಿಯೇ ತೋರಿಸುತ್ತದೆ.

ಆಟಗಳಿಗೆ ಚಿತ್ರ ಬಿಡಿಸುವ ಕೋರಿಕೆಗಳೇ ಮುಖ್ಯ. ಅವು ‘ಡೈರೆಕ್ಟ್‌ಎಕ್ಸ್’ ಎಂಬ ವಿಂಡೋಸ್ ಪದ್ಧತಿಯಲ್ಲಿರುತ್ತವೆ. ಇವನ್ನು 2016ರಲ್ಲಿ ಬಂದ ‘ವಲ್ಕನ್’ ಎಂಬ ಮುಕ್ತ ಮಾನಕಕ್ಕೆ ಪರಿವರ್ತಿಸುವ ‘ಡಿಎಕ್ಸ್‌ವಿಕೆ’ ಸಿದ್ಧವಾದ ಮೇಲೆ ಚಿತ್ರವೇ ಬದಲಾಯಿತು. 2018ರ ಆಗಸ್ಟಿನಲ್ಲಿ ವಾಲ್ವ್ ಕಂಪನಿ ವೈನ್, ಡಿಎಕ್ಸ್‌ವಿಕೆ ಎರಡನ್ನೂ ಕೂಡಿಸಿ ‘ಪ್ರೋಟಾನ್’ ಎಂಬ ಹೆಸರಿನಲ್ಲಿ ತನ್ನ ಸ್ಟೀಮ್ ಮಳಿಗೆಯೊಳಗೆ ಇರಿಸಿತು. ಒಬ್ಬರೇ ಕೂತು ಆಡುವ ಸಾವಿರಾರು ಆಟಗಳು ಇಂದು ಲಿನಕ್ಸಿನಲ್ಲಿ ಸಲೀಸಾಗಿ ಓಡುವುದು ಇದರಿಂದ.

ಇಲ್ಲಿ ಹೊಗಳುವವರು ಹೇಳದೆ ಬಿಡುವ ಸಂಗತಿ ಒಂದಿದೆ. 2022ರಲ್ಲಿ ಬಂದ ಡಿಎಕ್ಸ್‌ವಿಕೆ 2.0 ಮತ್ತು ನಂತರದವು ವಲ್ಕನ್ 1.3 ಬೇಡುತ್ತವೆ. ಸುಮಾರು 2014ಕ್ಕಿಂತ ಹಿಂದಿನ ಇಂಟೆಲ್ ಅಂತರ್ಗತ ಚಿತ್ರಘಟಕಗಳಲ್ಲಿ ವಲ್ಕನ್ ಬೆಂಬಲವೇ ಅಪೂರ್ಣ. ಯಾವ ಹಳೆಯ ಗಣಕಕ್ಕೆ ಲಿನಕ್ಸ್ ವರ ಎನ್ನುತ್ತೇವೋ ಅದೇ ಗಣಕದಲ್ಲಿ ಪ್ರೋಟಾನ್ ಮುಗ್ಗರಿಸುತ್ತದೆ! ವೈನ್‌ನ ಹಳೆಯ ದಾರಿಯಾದ ಓಪನ್‌ಜಿಎಲ್ ಪರಿವರ್ತನೆ ಉಳಿದಿದೆ, ಆದರೆ ಅದು ನಿಧಾನ.

ಇನ್ನು ಆನ್‌ಲೈನ್ ಆಟ. ಪರದೆಯಲ್ಲಿ ಎದುರಾಳಿ ಹಿಂದಕ್ಕೂ ಮುಂದಕ್ಕೂ ಜಿಗಿದಂತೆ ಕಂಡರೆ ಲಿನಕ್ಸನ್ನು ಬೈಯುವ ಮೊದಲು ಒಂದು ಲೆಕ್ಕ ಮಾಡಿ. ಗಾಜಿನ ತಂತುವಿನಲ್ಲಿ ಬೆಳಕು ಸೆಕೆಂಡಿಗೆ ಸುಮಾರು 2 ಲಕ್ಷ ಕಿ.ಮೀ. ಸಾಗುತ್ತದೆ. ಶಿರಸಿಯಿಂದ ಬೆಂಗಳೂರು ನೇರ ರೇಖೆಯಲ್ಲಿ ಸುಮಾರು 350 ಕಿ.ಮೀ.; ಹೋಗಿಬರಲು 3.5 ಮಿಲಿಸೆಕೆಂಡು. ಸಿಂಗಾಪುರ ಸುಮಾರು 3500 ಕಿ.ಮೀ.; ಹೋಗಿಬರಲು ಕನಿಷ್ಠ 35 ಮಿಲಿಸೆಕೆಂಡು. ನಿಜವಾದ ದಾರಿ ಸುತ್ತುಬಳಸು, ನಡುವೆ ನಿಲ್ದಾಣಗಳೂ ಇವೆ. ಅದರ ಮೇಲೆ ಮೊಬೈಲ್ ಸಂಪರ್ಕದ ವಿಳಂಬ. 2020ರಲ್ಲಿ ಪಾಠ ಕೇಳಲು ಗುಡ್ಡ ಹತ್ತಿ ಸಿಗ್ನಲ್ ಹುಡುಕಿದ ಮಲೆನಾಡಿನ ವಿದ್ಯಾರ್ಥಿಗಳಿಗೆ ಇದನ್ನು ವಿವರಿಸಬೇಕಿಲ್ಲ. ‘ಪಿಂಗ್’ ಆಜ್ಞೆ ಕೊಟ್ಟು ಈ ಸಮಯವನ್ನು ಬೆಳಿಗ್ಗೆ, ರಾತ್ರಿ, ಮಳೆಯಲ್ಲಿ ಅಳೆದು ಪಟ್ಟಿ ಮಾಡಲು ತರಗತಿಗೆ ಹೇಳಿ ನೋಡಿ. ಒಳ್ಳೆಯ ಪ್ರಯೋಗ. ಚಿತ್ರವೇ ತಡೆತಡೆದು ಚಲಿಸಿದರೆ ದೋಷ ಗಣಕದ್ದು ಅಥವಾ ಪರಿವರ್ತನೆಯದು. ಚಿತ್ರ ನಯವಾಗಿದ್ದು ಎದುರಾಳಿ ಮಾತ್ರ ಜಿಗಿದರೆ ಹೆಚ್ಚಾಗಿ ಸಂಪರ್ಕದ್ದು.

ಇವೆಲ್ಲ ಸರಿಯಿದ್ದರೂ ಕೆಲವು ಆಟಗಳು ಬಾಗಿಲಲ್ಲೇ ತಡೆಯುತ್ತವೆ. ಕಾರಣ, ಮೋಸಪತ್ತೆ ತಂತ್ರಾಂಶ. ಗೋಡೆಯಾಚೆ ನೋಡುವ, ತಾನಾಗಿ ಗುರಿಯಿಡುವ ಕಳ್ಳ ಕ್ರಮವಿಧಿಗಳನ್ನು ಹಿಡಿಯುವುದು ಇದರ ಕೆಲಸ. 2020ರಲ್ಲಿ ‘ವ್ಯಾಲೊರಂಟ್’ ಜೊತೆ ಬಂದ ‘ವ್ಯಾಂಗಾರ್ಡ್’ ವಿಂಡೋಸಿನ ಕರ್ನೆಲ್, ಅಂದರೆ ತಿರುಳಿನೊಳಗೇ ಕೂರುತ್ತದೆ. ವೈನ್ ತಿರುಳಿನ ಹೊರಗೆ, ಸಾಮಾನ್ಯ ಕ್ರಮವಿಧಿಯಂತೆ ನಡೆಯುವಂಥದು. ಲಿನಕ್ಸಿನ ತಿರುಳಿಗೆ ವಿಂಡೋಸ್ ಚಾಲಕವನ್ನು ಇಳಿಸಲು ಅದಕ್ಕೆ ಬರುವುದಿಲ್ಲ. ವರ್ಷಗಟ್ಟಲೆ ವೈನ್‌ನಲ್ಲಿ ಆಡಬಹುದಾಗಿದ್ದ ‘ಲೀಗ್ ಆಫ್ ಲೆಜೆಂಡ್ಸ್’ 2024ರಲ್ಲಿ ವ್ಯಾಂಗಾರ್ಡ್ ಸೇರಿದ ಮೇಲೆ ನಿಂತುಹೋಯಿತು.

ಇದನ್ನು ಶುದ್ಧ ತಾಂತ್ರಿಕ ಮಿತಿ ಎಂದೂ ಹೇಳುವಂತಿಲ್ಲ. ‘ಈಸಿ ಆಂಟಿ-ಚೀಟ್’, ‘ಬ್ಯಾಟಲ್‌ಐ’ ಎರಡೂ 2021ರ ಸೆಪ್ಟೆಂಬರಿನಲ್ಲೇ ಪ್ರೋಟಾನ್‌ಗೆ ಬೆಂಬಲ ಪ್ರಕಟಿಸಿದವು. ಬಳಸುವುದು ಬಿಡುವುದು ಆಟ ತಯಾರಕರ ಇಚ್ಛೆ. ‘ಜಿಟಿಎ ಆನ್‌ಲೈನ್’ 2024ರ ಸೆಪ್ಟೆಂಬರಿನಲ್ಲಿ ಬ್ಯಾಟಲ್‌ಐ ಅಳವಡಿಸಿಕೊಂಡಾಗ ಲಿನಕ್ಸಿಗೆ ಅವಕಾಶ ಕೊಡಲಿಲ್ಲ. 2022ರಿಂದ ಲಿನಕ್ಸಿನಲ್ಲಿ ಓಡುತ್ತಿದ್ದ ‘ಏಪೆಕ್ಸ್ ಲೆಜೆಂಡ್ಸ್’ ಮೋಸ ಹೆಚ್ಚಿತೆಂಬ ಕಾರಣ ಕೊಟ್ಟು 2024ರ ಅಕ್ಟೋಬರ್ 31ರಂದು ಬಾಗಿಲು ಮುಚ್ಚಿತು. ತಯಾರಕರ ಆತಂಕ ಸುಳ್ಳಲ್ಲ. ತಿರುಳನ್ನೇ ತಿದ್ದಲು ಬಿಡುವ ವ್ಯವಸ್ಥೆಯಲ್ಲಿ ಕಳ್ಳನನ್ನು ಹಿಡಿಯುವುದು ಕಷ್ಟ. ಆದರೆ ಒಂದು ಆಟಕ್ಕಾಗಿ ನಮ್ಮ ಗಣಕದ ಅತ್ಯಂತ ಒಳಗಿನ ಕೋಣೆಯ ಕೀಲಿಯನ್ನು ಪರರಿಗೆ ಕೊಡುವುದು ನನಗೆ ದುಬಾರಿ ಎನಿಸುತ್ತದೆ. ವಿಂಡೋಸ್ ಬಳಸುವವರೂ ಇದನ್ನು ಯೋಚಿಸಬೇಕು.

ಕನ್ನಡಿಗರಿಗೆ ಇಂಥ ಕಟ್ಟು ಹೊಸದಲ್ಲ. ಕನ್ನಡ ಗಣಕ ಪರಿಷತ್ತಿನ ‘ನುಡಿ’ ವಿಂಡೋಸಿಗೆಂದೇ ರೂಪಿತವಾದದ್ದು. ಲಿನಕ್ಸ್ ಬಳಸುವ ಮೇಷ್ಟರಿಗೆ ನುಡಿಯಲ್ಲಿ ಬರೆದ ಹಳೆಯ ಕಡತ ತಲೆನೋವಾಗಿತ್ತು. ಬಿಡುಗಡೆ ಸಿಕ್ಕಿದ್ದು ಯೂನಿಕೋಡ್ ಎಂಬ ಮುಕ್ತ ಮಾನಕದಿಂದ. ಕಗಪ ಕೀಲಿಮಣೆ ವಿನ್ಯಾಸ ಈಗ ಲಿನಕ್ಸಿನ ಜೊತೆಗೇ ಬರುತ್ತದೆ, ವೈನ್ ಬೇಕಿಲ್ಲ. ಆನ್‌ಲೈನ್ ಆಟಕ್ಕೆ ಈ ದಾರಿ ಇಲ್ಲ. ನೀವು ಬರೆದ ಕಡತ ನಿಮ್ಮದು. ಆಟದ ಸರ್ವರ್ ಅವರದು.

ಆಟ ಇಳಿಸಿಕೊಳ್ಳುವ ಮೊದಲು ಅದರ ಮೋಸಪತ್ತೆ ತಂತ್ರಾಂಶ ಯಾವುದು, ಲಿನಕ್ಸಿಗೆ ಒಪ್ಪಿಗೆ ಇದೆಯೇ ಎಂದು ವಿಚಾರಿಸಿ. ಆಮೇಲೆ ನಿಮ್ಮ ಚಿತ್ರಘಟಕದ ವಲ್ಕನ್ ಆವೃತ್ತಿ ನೋಡಿ. ತಡೆಯನ್ನು ತಪ್ಪಿಸುವ ಉಪಾಯ ಕಲಿಸುವವರ ಮಾತು ಕೇಳಿದರೆ ಖಾತೆಯೇ ರದ್ದಾದೀತು. ಎಲ್ಲಿಂದಲೋ ತಂದ ಕದ್ದ ಪ್ರತಿಯನ್ನಂತೂ ವೈನ್‌ನಲ್ಲಿ ಓಡಿಸಬೇಡಿ: ವೈನ್ ರಕ್ಷಾಕವಚವಲ್ಲ, ಅದರೊಳಗಿನ ವಿಂಡೋಸ್ ವೈರಸ್ ನಿಮ್ಮ ಕಡತಗಳನ್ನು ಓದಬಲ್ಲದು, ಅಳಿಸಲೂಬಲ್ಲದು.

ಶಾಲೆಯ ಗಣಕ ಕೊಠಡಿಗಾದರೆ ಇಷ್ಟು ಪಾಡೂ ಬೇಡ. ‘ಸೂಪರ್‌ಟಕ್ಸ್‌ಕಾರ್ಟ್’ ಎಂಬ ಮುಕ್ತ ತಂತ್ರಾಂಶದ ಓಟದ ಆಟ ಲಿನಕ್ಸಿನಲ್ಲಿ ನೇರವಾಗಿ ಓಡುತ್ತದೆ. 2019ರ 1.0 ಆವೃತ್ತಿಯಿಂದ ಜಾಲದಲ್ಲಿ ಹಲವರು ಕೂಡಿ ಆಡಬಹುದು. ಕೊಠಡಿಯ ಗಣಕಗಳನ್ನು ಒಂದು ಸ್ವಿಚ್‌ಗೆ ಜೋಡಿಸಿದರಾಯಿತು, ಹೊರಗಿನ ಅಂತರಜಾಲ ಸಂಪರ್ಕ ಮಳೆಗೆ ಹೋಗಿದ್ದರೂ ಆಟ ನಿಲ್ಲದು. ಕರೆಂಟು ಹೋದರೆ ಮಾತ್ರ ಉಪಾಯವಿಲ್ಲ.