ಶೈತ್ಯದಲ್ಲಿರಿಸಿದ ಅಂಡಾಶಯ ಮತ್ತು ಅನರ್ಥದಂಡ

1997ರಲ್ಲಿ ಬೆಲ್ಜಿಯಂ ದೇಶದ ತರುಣಿಯೊಬ್ಬಳಿಗೆ ಹಾಡ್ಜ್‌ಕಿನ್ ಲಿಂಫೋಮಾ ಎಂಬ ಕ್ಯಾನ್ಸರ್ ತಗುಲಿತ್ತು. ಚಿಕಿತ್ಸೆಯ ಔಷಧಗಳು ಪ್ರಾಣವನ್ನುಳಿಸಿದರೂ ಅಂಡಾಶಯವನ್ನು ಬರಿದು ಮಾಡುವ ಸಂಭವವಿದ್ದುದರಿಂದ, ವೈದ್ಯ ಜಾಕ್ ಡೊನೆ ಅವರ ತಂಡವು ಅದರ ಹೊರಪದರದ ತುಣುಕುಗಳನ್ನು ಮೊದಲೇ ತೆಗೆದು ದ್ರವ ಸಾರಜನಕದಲ್ಲಿ ರಕ್ಷಿಸಿತು. 2003ರಲ್ಲಿ ಅವನ್ನು ಮರಳಿ ಕಸಿ ಮಾಡಲಾಯಿತು. 2004ರ ಸೆಪ್ಟೆಂಬರಿನಲ್ಲಿ ಆಕೆ ಹೆಣ್ಣುಮಗುವನ್ನು ಹೆತ್ತಳು. ದೇಹದಲ್ಲಿಯೇ ಉಳಿದಿದ್ದ ಅಂಡಾಶಯದ ಭಾಗದಿಂದ ಆ ಅಂಡವು ಬಂದಿರಬಾರದೇಕೆ ಎಂದು ಕೆಲವು ತಜ್ಞರು ಆಗಲೇ ಆಕ್ಷೇಪಿಸಿದರು. ಆಕ್ಷೇಪವು ನ್ಯಾಯವಾದುದೇ. ಆದರೆ ಅನಂತರದ ವರ್ಷಗಳಲ್ಲಿ ಜಗತ್ತಿನಾದ್ಯಂತ ಇನ್ನೂರಕ್ಕೂ ಮಿಕ್ಕಿ ಶಿಶುಗಳು ಈ ಮಾರ್ಗದಿಂದ ಜನಿಸಿದವು. 2019ರಲ್ಲಿ ಅಮೆರಿಕನ್ ಸೊಸೈಟಿ ಫಾರ್ ರಿಪ್ರೊಡಕ್ಟಿವ್ ಮೆಡಿಸಿನ್ ಈ ವಿಧಾನದ ಮೇಲಿದ್ದ 'ಪ್ರಾಯೋಗಿಕ' ಎಂಬ ಹಣೆಪಟ್ಟಿಯನ್ನು ತೆಗೆದುಹಾಕಿತು.

ಈಗ ನಡೆದಿರುವುದು ವಿಧಾನವನ್ನು ಉತ್ತಮಪಡಿಸುವ ಸಂಶೋಧನೆ. ಅದರ ಬಹುಭಾಗವು ಶೀತಲೀಕರಣದ ಸುತ್ತಲೇ ಸುತ್ತುತ್ತದೆ. ಕೋಶದೊಳಗಿನ ನೀರು ಹರಳುಗಟ್ಟಿದರೆ ಕೋಶವು ಸೀಳುತ್ತದೆ. ಆದುದರಿಂದ ರಕ್ಷಕ ದ್ರವದಲ್ಲಿ ನೆನೆಸಿದ ತುಣುಕನ್ನು, ಹಾಲಿಗೆ ಹೆಪ್ಪು ಹಾಕುವಂತೆ ಒಂದು ಬಿಂದುವಿನಲ್ಲಿ ಮಂಜನ್ನು ಮೊಳೆಯಿಸಿ, ನಿಮಿಷಕ್ಕೆ 0.3 ಡಿಗ್ರಿಯಂತೆ ಮೆಲ್ಲಮೆಲ್ಲನೆ ತಣಿಸುವುದು ಹಳೆಯ ಕ್ರಮ. ಹರಳಿಗೇ ಅವಕಾಶವೀಯದೆ ಕ್ಷಣಮಾತ್ರದಲ್ಲಿ ಗಾಜಿನಂತೆ ಘನೀಭವಿಸುವುದು ಹೊಸ ಕ್ರಮ. ಇದಕ್ಕೆ ಬೇಕಾಗುವ ರಾಸಾಯನಿಕಗಳ ಸಾಂದ್ರತೆ ಹೆಚ್ಚು, ವಿಷಭಯವೂ ಹೆಚ್ಚು. ಸೂಕ್ಷ್ಮದರ್ಶಕದಲ್ಲಿ ಹೊಸ ಕ್ರಮದ ಕೋಶಗಳು ಚೆನ್ನಾಗಿ ಕಂಡವೆಂದು ಹಲವು ಪ್ರಬಂಧಗಳು ಹೇಳುತ್ತವೆ. ಆದರೆ ಹುಟ್ಟಿದ ಮಕ್ಕಳಲ್ಲಿ ಬಹುಪಾಲು ಹಳೆಯ ಕ್ರಮದ ಫಲ.

ನಿಜವಾದ ನಷ್ಟವೆಲ್ಲಿ? 1999ರಲ್ಲಿ ಪ್ರಕಟವಾದ ಕುರಿಗಳ ಮೇಲಿನ ಅಧ್ಯಯನದಂತೆ, ಘನೀಕರಿಸಿ ಕರಗಿಸುವುದರಿಂದ ಅಳಿದ ಅಂಡಕೋಶಿಕೆಗಳು ಶೇಕಡಾ 7ರಷ್ಟು. ಕಸಿಯಾದ ತುಣುಕಿಗೆ ರಕ್ತ ಸಂಚಾರ ಮರಳುವ ಮುನ್ನ ಅಳಿದವು ಸುಮಾರು ಶೇಕಡಾ 65. ದಾರಿಯಲ್ಲಿ ಗಾಡಿಯಿಂದ ಸರಕು ಸೋರುತ್ತಿರುವಾಗ ಗೋದಾಮಿನ ಬೀಗವನ್ನು ಬದಲಿಸುತ್ತ ಕುಳಿತ ಸೆಟ್ಟಿಯ ಲೆಕ್ಕವಿದು.

ಇಲ್ಲಿಯೇ ಧರ್ಮಪ್ರಶ್ನೆಯು ಉದ್ಭವಿಸುತ್ತದೆ. ಈ ಹೋಲಿಕೆಗಳಿಗಾಗಿ ರೋಗನಿರೋಧಶಕ್ತಿಯಿಲ್ಲದ ಇಲಿಗಳಿಗೆ ಮಾನವ ಅಂಗಾಂಶವನ್ನು ಕಸಿ ಮಾಡುತ್ತಾರೆ, ಪರೀಕ್ಷೆಯ ಬಳಿಕ ಕೊಲ್ಲುತ್ತಾರೆ. ರೋಗಿಗೆ ಉಪಕಾರವಾಗುವುದೆಂಬ ಸಮಾಧಾನವನ್ನು ಒಂದು ಕ್ಷಣ ಒಪ್ಪಿದರೂ, ನಷ್ಟವಿಲ್ಲದ ಕಡೆಯಲ್ಲಿ ಲಾಭವನ್ನು ಹುಡುಕುವ ಪ್ರಯೋಗದಲ್ಲಿ ಸತ್ತ ಜೀವಕ್ಕೆ ಆ ಸಮಾಧಾನವೂ ಸಲ್ಲದು. ಪ್ರಯೋಜನವಿಲ್ಲದೆ ನೆಲವನ್ನಗೆಯುವುದನ್ನೂ ನೀರನ್ನು ಚೆಲ್ಲುವುದನ್ನೂ ಶ್ರಾವಕಾಚಾರವು ಪ್ರಮಾದಚರ್ಯೆಯೆಂದು ಅನರ್ಥದಂಡದಲ್ಲಿ ಸೇರಿಸಿದೆ. ಪಂಚೇಂದ್ರಿಯ ಪ್ರಾಣಿಯ ವಧೆಗೆ ಅದಕ್ಕಿಂತ ಸಡಿಲವಾದ ನಿಯಮವಿರಲಾರದು. (ತತ್ತ್ವಾರ್ಥಸೂತ್ರದ ಶೀತಯೋನಿಯೆಂಬ ಪದವನ್ನು ಹಿಡಿದು ಇದೆಲ್ಲವೂ ನಮ್ಮವರಿಗೆ ಮೊದಲೇ ತಿಳಿದಿತ್ತೆನ್ನುವವರು ಆಗಮಕ್ಕೂ ವಿಜ್ಞಾನಕ್ಕೂ ಸಮಾನವಾಗಿ ಅಪಚಾರವೆಸಗುತ್ತಾರೆ.)

ಹಾಗೆಂದು ವಿಧಾನವನ್ನೇ ನಿಂದಿಸುವುದು ಏಕಾಂತವಾದವಾದೀತು. ಋತುಮತಿಯಾಗದ ಬಾಲಿಕೆಯಿಂದ ಪಕ್ವ ಅಂಡವನ್ನು ಪಡೆಯಲಾಗದು. ಅವಳಿಗಿರುವ ದಾರಿ ಇದೊಂದೇ. ಬಾಲ್ಯದಲ್ಲಿ, ಋತುಮತಿಯಾಗುವ ಮೊದಲೇ ತೆಗೆದಿರಿಸಿದ ಅಂಗಾಂಶದಿಂದ ತಾಯಿಯಾದ ಕುಡಗೋಲು-ಕೋಶದ ರಕ್ತಹೀನತೆಯ ರೋಗಿಯೊಬ್ಬಳ ವೃತ್ತಾಂತ 2015ರಲ್ಲಿ ಪ್ರಕಟವಾಯಿತು. ರಕ್ತದ ಕ್ಯಾನ್ಸರ್ ಪೀಡಿತ ಬಾಲಿಕೆಯ ಸ್ಥಿತಿಯಾದರೋ ಬೇರೆ: ತುಣುಕಿನೊಡನೆ ರೋಗಕೋಶಗಳೇ ಮರಳಿ ದೇಹವನ್ನು ಸೇರಬಹುದು. ಶ್ರಮವೂ ಧನವೂ ಹರಿಯಬೇಕಾದುದು ಈ ಭಯದ ನಿವಾರಣೆಗೆ, ರಕ್ತಸಂಚಾರವನ್ನು ಬೇಗ ಮರಳಿಸುವ ಉಪಾಯಕ್ಕೆ.

ಪರೀಕ್ಷಿಸಬೇಕಾದ ಇನ್ನೊಂದು ಲೆಕ್ಕ ಬಾಕಿಯಿದೆ. ಇದುವರೆಗೆ ಶೇಖರಿಸಿದ ತುಣುಕುಗಳಲ್ಲಿ ಹೆಚ್ಚಿನವು ಯಾರ ದೇಹಕ್ಕೂ ಮರಳಿಲ್ಲ. ಜನಿಸಿದ ಶಿಶುಗಳ ಸಂಖ್ಯೆಯನ್ನು ಜಮೆಯಲ್ಲಿ ಬರೆಯುವವರು ತೆಗೆದ ಅಂಡಾಶಯಗಳ ಸಂಖ್ಯೆಯನ್ನು ಖರ್ಚಿನಲ್ಲಿ ಬರೆಯುವುದು ಅಪರೂಪ. ಹೀಗಿರುವಾಗಲೇ 2019ರಲ್ಲಿ ಬ್ರಿಟನ್ನಿನ ಖಾಸಗಿ ಸಂಸ್ಥೆಯೊಂದು, ಯಾವ ರೋಗವೂ ಇಲ್ಲದ ಸ್ತ್ರೀಯರಿಗೆ ಮುಟ್ಟು ನಿಲ್ಲುವ ಕಾಲವನ್ನು ಮುಂದೂಡಲೆಂದು ಇದೇ ಶಸ್ತ್ರಕ್ರಿಯೆಯನ್ನು ಹಣಕ್ಕೆ ಒದಗಿಸಲಾರಂಭಿಸಿತು. ಬಾಲಿಕೆಯ ಅನಿವಾರ್ಯತೆಯನ್ನು ತೋರಿಸಿ ಗಳಿಸಿದ ಸಮ್ಮತಿಯ ಮೇಲೆಯೇ ಈ ವ್ಯಾಪಾರವು ನಿಂತಿದೆ.