ಅರ್ಥಗಳನ್ನು ಎಣಿಸುವುದು ಹೇಗೆ? ಇಂಗ್ಲಿಷಿನ ‘ರನ್’ ಕ್ರಿಯಾಪದವನ್ನು ಕುರಿತು

ಇಂಗ್ಲಿಷಿನ ‘ರನ್’ ಕ್ರಿಯಾಪದಕ್ಕೆ 645 ಅರ್ಥಗಳಿವೆ ಎಂಬ ಮಾತು 2011ರಿಂದೀಚೆಗೆ ಮತ್ತೆ ಮತ್ತೆ ಉಲ್ಲೇಖಗೊಳ್ಳುತ್ತಿದೆ. ಆಕ್ಸ್‌ಫರ್ಡ್ ಇಂಗ್ಲಿಷ್ ನಿಘಂಟಿನ ಮೂರನೆಯ ಆವೃತ್ತಿಗಾಗಿ ಪೀಟರ್ ಗಿಲಿವರ್ ಪರಿಷ್ಕರಿಸಿದ ನಮೂದು ಇದಕ್ಕೆ ಆಧಾರ. ಆ ಪರಿಶ್ರಮದ ಬಗ್ಗೆ ನಮಗೆ ಗೌರವವಿದೆ. ಆದರೆ ಈ ಸಂಖ್ಯೆಯನ್ನು ಭಾಷಿಕರ ಮನೋಕೋಶದಲ್ಲಿರುವ ಅರ್ಥಗಳ ಸಂಖ್ಯೆಯೆಂದು ಗ್ರಹಿಸುವುದು ಸರಿಯಲ್ಲವೆಂಬುದು ನಮ್ಮ ವಾದ. ಐತಿಹಾಸಿಕ ನಿಘಂಟು ಪ್ರತಿಯೊಂದು ಪ್ರಯೋಗದ ಮೊದಲ ದಾಖಲೆಯನ್ನು ಗುರುತಿಸಬೇಕಾಗಿರುವುದರಿಂದ ಸೂಕ್ಷ್ಮ ವಿಭಜನೆ ಅದಕ್ಕೆ ಅನಿವಾರ್ಯ. ಅರ್ಥವಿಜ್ಞಾನಕ್ಕೆ ಆ ಅನಿವಾರ್ಯತೆಯಿಲ್ಲ.

ದ್ವಿಭಾಷಿಕ ಅಧ್ಯಯನಗಳಲ್ಲಿ ಇನ್ನೊಂದು ತೊಡಕಿದೆ. ನದಿ ‘ಹರಿಯುತ್ತದೆ’, ರಸ್ತೆ ‘ಹಾದುಹೋಗುತ್ತದೆ’. ಆದ್ದರಿಂದ ‘ರನ್’ಗೆ ಇಲ್ಲಿ ಎರಡು ಅರ್ಥಗಳೆಂದು ಬರೆದುಬಿಡುವುದು ಸುಲಭ. ಆದರೆ ‘ದಿ ರಿವರ್ ಆ್ಯಂಡ್ ದಿ ರೋಡ್ ರನ್ ಅಲಾಂಗ್ ದಿ ಬಾರ್ಡರ್’ ಎಂಬ ವಾಕ್ಯದಲ್ಲಿ ಒಂದೇ ಕ್ರಿಯಾಪದ ಎರಡೂ ಕರ್ತೃಗಳನ್ನು ಸಹಜವಾಗಿ ಹೊರುತ್ತದೆ. ‘ಷೀ ರಾನ್ ಎ ಮ್ಯಾರಥಾನ್ ಆ್ಯಂಡ್ ಎ ಹೋಟೆಲ್’ ಎಂಬುದಾದರೋ ವಿನೋದದ ಮಾತಾಗುತ್ತದೆ. ಕನ್ನಡದ ಎರಡು ಪದಗಳು ಕನ್ನಡದ ವಿಭಜನೆಗೆ ಸಾಕ್ಷಿಯೇ ಹೊರತು ಇಂಗ್ಲಿಷಿನದಕ್ಕಲ್ಲ. ಇಂತಹ ಪರೀಕ್ಷೆಗಳ ಮಿತಿಗಳನ್ನು 1975ರಲ್ಲೇ ಜ್ವಿಕಿ ಮತ್ತು ಸಾಡೊಕ್ ಚರ್ಚಿಸಿದ್ದರು; ಸಂದರ್ಭ ಬದಲಾದಂತೆ ಫಲಿತಾಂಶವೂ ಬದಲಾಗಬಲ್ಲದೆಂದು 1993ರಲ್ಲಿ ಗೀರಾರ್ಟ್ಸ್ ತೋರಿಸಿದರು. ಪರೀಕ್ಷೆ ಅಂತಿಮ ತೀರ್ಪಲ್ಲ, ನಿಜ. ಆದರೂ ಅನುವಾದದ ಪಟ್ಟಿಗಿಂತ ಅದು ವಿಶ್ವಾಸಾರ್ಹ.

ವ್ಯಾಕರಣದಿಂದ ಹುಟ್ಟುವ ಭೇದಗಳೂ ಅರ್ಥಭೇದಗಳಾಗಿ ಎಣಿಕೆಗೆ ಸೇರುತ್ತವೆ. ಹಳೆಯ ಇಂಗ್ಲಿಷಿನಲ್ಲಿ ಅಕರ್ಮಕ ‘ಇರ್ನನ್’ ಮತ್ತು ಪ್ರೇರಣಾರ್ಥಕ ‘ಆ್ಯರ್ನನ್’ ಎಂಬ ಬೇರೆ ಬೇರೆ ರೂಪಗಳಿದ್ದವು. ಇಂದು ‘ರನ್’ ಎರಡೂ ಕೆಲಸಗಳನ್ನು ಮಾಡುತ್ತದೆ. ಕನ್ನಡದಲ್ಲಿ ‘ಹರಿ–ಹರಿಸು’, ‘ನಡೆ–ನಡೆಸು’ ಎಂಬಲ್ಲಿ ‘ಇಸು’ ಪ್ರತ್ಯಯ ವಹಿಸುವ ಹೊಣೆಯನ್ನು ಇಂಗ್ಲಿಷಿನಲ್ಲಿ ವಾಕ್ಯರಚನೆಯೇ ವಹಿಸುತ್ತದೆ. ನೀರು ಹರಿಯುವುದನ್ನೂ ನೀರು ಹರಿಸುವುದನ್ನೂ ಎರಡು ಪದಾರ್ಥಗಳೆಂದು ಎಣಿಸಿದರೆ ರಚನೆಯ ನಿಯಮವೊಂದನ್ನು ಪದಕ್ಕೆ ಆರೋಪಿಸಿದಂತಾಗುತ್ತದೆ.

ಹಾಗೆಂದು ಎಲ್ಲವನ್ನೂ ಒಂದೇ ಅಮೂರ್ತ ಅರ್ಥಕ್ಕೆ ಇಳಿಸುವ ಮಾರ್ಗವೂ ನಮಗೆ ಒಪ್ಪಿಗೆಯಿಲ್ಲ. 1989ರ ಕೃತಿಯಲ್ಲಿ ಚಾರ್ಲ್ಸ್ ರೂಲ್ ಪ್ರತಿಪಾದಿಸಿದ ಏಕಾರ್ಥವಾದವು ಪದಕ್ಕೆ ಒಂದು ಸಾಮಾನ್ಯಾರ್ಥವನ್ನಷ್ಟೇ ಮೊದಲು ಊಹಿಸಿ, ಉಳಿದುದನ್ನು ಸಂದರ್ಭಕ್ಕೆ ಬಿಡುತ್ತದೆ. ಚುನಾವಣೆಯ ಉದಾಹರಣೆಯಲ್ಲಿ ಈ ವಾದ ಎಡವುತ್ತದೆ. ಅಭ್ಯರ್ಥಿಯು ಅಮೆರಿಕದ ಇಂಗ್ಲಿಷಿನಲ್ಲಿ ‘ರನ್’ ಆಗುತ್ತಾನೆ, ಬ್ರಿಟನ್ನಿನ ಇಂಗ್ಲಿಷಿನಲ್ಲಿ ರೂಢಿಯಾಗಿ ‘ಸ್ಟ್ಯಾಂಡ್’ ಆಗುತ್ತಾನೆ. ಒಂದೇ ಸಂದರ್ಭಕ್ಕೆ ಅಲ್ಲಿ ಓಟ, ಇಲ್ಲಿ ನಿಲುವು! ಯಾವ ಸಾಮಾನ್ಯಾರ್ಥದಿಂದಲೂ ಈ ಆಯ್ಕೆ ನಿಷ್ಪನ್ನವಾಗದು. ಅದು ರೂಢಿಯಾಗಿ ಕಲಿತು ನೆನಪಿನಲ್ಲಿಟ್ಟುಕೊಳ್ಳಬೇಕಾದ ಪ್ರಯೋಗ.

ಆದ್ದರಿಂದ ‘ಎಷ್ಟು ಅರ್ಥಗಳು’ ಎಂಬುದಕ್ಕಿಂತ ‘ಯಾವ ಮಾನದಂಡದಿಂದ’ ಎಂಬ ಪ್ರಶ್ನೆ ಮೊದಲು ಬರಬೇಕು. ‘ರನ್’ ಕುರಿತ 2006ರ ಅಧ್ಯಯನದಲ್ಲಿ ಸ್ಟೆಫಾನ್ ಗ್ರೀಸ್ ಪ್ರತಿ ಪ್ರಯೋಗದ ವ್ಯಾಕರಣರೂಪವನ್ನೂ ಸಹವರ್ತಿ ಪದಗಳನ್ನೂ ಗುರುತಿಸಿ ಅರ್ಥಗಳ ಸಾಮೀಪ್ಯವನ್ನು ಅಳೆದರು. ಆ ಕ್ರಮದ ಪ್ರತಿ ಹೆಜ್ಜೆಯನ್ನೂ ಇತರರು ಪರಿಶೀಲಿಸಬಹುದು. ಕನ್ನಡದ ‘ಓಡು’, ‘ಹಿಡಿ’, ‘ಬೀಳು’ ಕ್ರಿಯಾಪದಗಳ ಅರ್ಥಪಟ್ಟಿ ಸಿದ್ಧಪಡಿಸುವ ಸಂಶೋಧಕರು ಪಟ್ಟಿಗೆ ಮುನ್ನ ತಮ್ಮ ಮಾನದಂಡವನ್ನು ಸ್ಪಷ್ಟಪಡಿಸಬೇಕು. ಇಲ್ಲವಾದರೆ ಎಣಿಕೆಗೆ ಸಿಗುವುದು ಪದದ ಅರ್ಥಗಳಲ್ಲ, ಎಣಿಸಿದವರ ಅಭ್ಯಾಸಗಳು.